ಮಾವನ ಮೂರು ನಿಮಿಷ ಐವತ್ತನಾಲ್ಕು ಸೆಕೆಂಡು

"ಹತ್ತು ಕಿಲೋ ಕಬ್ಬಿಣದ ಸೈಕಲ್ಲು, ಅದೂ ಗಿರಣೀಲಿ ಬೆಳಗಿನ ಪಾಳಿ ಮುಗಿಸಿ ಬಂದು ಅಪ್ಪ ಆ ಬೆಟ್ಟ ಹತ್ತಿದ. ನಿಂದು ಏಳು ಕಿಲೋನೂ ಇಲ್ಲ, ಮೇಲೆ ಭೌತಶಾಸ್ತ್ರದ ಡಿಗ್ರಿ ಬೇರೆ. ಆದ್ರೂ ಅಪ್ಪನಿಗಿಂತ ಹಿಂದೆ ಬೀಳ್ತೀಯಲ್ಲ, ಯಾಕೆ?"

ನನ್ನ ಹೆಂಡತಿ ಜಿಲ್ ಹೀಗೆ ಕೇಳಿದಾಗ, ಹದಿನೆಂಟು ವರ್ಷಗಳಿಂದ ಶಾಲೆಯಲ್ಲಿ ಗುರುತ್ವಾಕರ್ಷಣೆಯನ್ನು ಬೋಧಿಸುತ್ತಿದ್ದ ನಾನು ಇನ್ನೊಂದು ಚೂರು ಕೇಕನ್ನು ಬಾಯಿಗಿಟ್ಟುಕೊಂಡೆ. (ಕೇಕು ಅವಳೇ ಮಾಡಿದ್ದೆಂಬುದು ಬೇರೆ ಮಾತು.)

ಯಾರ್ಕ್‌ಷೈರಿನ ನಮ್ಮ ಊರಿನ ಬೆನ್ನಿಗೇ ಎದ್ದಿರುವ ಕ್ರೋ ಬ್ಯಾಂಕ್ ಬೆಟ್ಟದ ರಸ್ತೆ ಒಂದು ಕಿಲೋಮೀಟರು ಚಿಲ್ಲರೆ. ಉದ್ದ ಕೇಳಿದರೆ ನಗು ಬರುತ್ತದೆ. ಬುಡದಲ್ಲಿ ನಿಂತು ತಲೆಯೆತ್ತಿದರೆ ಆ ನಗು ಹೋಗುತ್ತದೆ. ಕಲ್ಲುಗೋಡೆಗಳ ನಡುವೆ ಅದು ರಸ್ತೆಯಂತೆ ಮಲಗಿಲ್ಲ, ಏಣಿಯಂತೆ ಒರಗಿ ನಿಂತಿದೆ. ಪುರಾವೆಯಿಲ್ಲದೆ ದೇವರನ್ನೂ ಒಪ್ಪದ ನಾನು ಅದರೆದುರು ಮಾತ್ರ ಟೋಪಿ ತೆಗೆಯುತ್ತೇನೆ. ೧೯೭೧ರಲ್ಲಿ ನನ್ನ ಮಾವ ಡೆರಿಕ್ ಅದನ್ನು ಮೂರು ನಿಮಿಷ ಐವತ್ತನಾಲ್ಕು ಸೆಕೆಂಡಿನಲ್ಲಿ ಏರಿದ್ದರು. ನಮ್ಮ ಸೈಕಲ್ ಕ್ಲಬ್ಬಿನ ಆ ದಾಖಲೆಯನ್ನು ಮುರಿಯುವುದು, ಅದೂ ಮಾವ ಬದುಕಿರುವಾಗ ಅವರ ಕಣ್ಣೆದುರೇ ಮುರಿಯುವುದು, ನನ್ನ ಪರಮ ಧ್ಯೇಯವಾಗಿತ್ತು. ಅವರಿಗೆ ಎಪ್ಪತ್ತೇಳಾಗಿ ಹೃದಯ ಸೋತಿತ್ತು. ನನಗೆ ನಲವತ್ತಾರಾಗಿ ಮೊಣಕಾಲು ಸೋತಿತ್ತು. ಇಬ್ಬರಿಗೂ ಕಾಯುವಷ್ಟು ಪುರಸೊತ್ತಿರಲಿಲ್ಲ.

ಹೀಗಾಗಿ ವಿಜ್ಞಾನವು ನಮ್ಮ ಅಡುಗೆಮನೆಗೆ ಚಿತ್ತೈಸಿತು. ಸೈಕಲ್ಲಿನ ತೂಕ ಇಳಿಸಲು ಹ್ಯಾಂಡಲಿನ ತುದಿಗಳನ್ನು ಗರಗಸದಿಂದ ಕೊಯ್ದೆ. ಅದಕ್ಕೆ ಸುತ್ತಿದ್ದ ಪಟ್ಟಿ ಬಿಚ್ಚಿದೆ. ಹಲ್ಲುಚಕ್ರಕ್ಕೆ ತೂತು ಕೊರೆದೆ. (ಹುಚ್ಚೆನ್ನಬೇಡಿ, ಬೆಟ್ಟ ಏರುವ ವಾರ್ಷಿಕ ಸ್ಪರ್ಧೆಯ ಅಕ್ಟೋಬರ್ ಬಂತೆಂದರೆ ಇಡೀ ಕ್ಲಬ್ಬು ಹೀಗೆಯೇ.) ಒಂದೊಂದು ತಿರುಪುಮೊಳೆಯನ್ನೂ ಜಿಲ್ ಹಿಟ್ಟು ತೂಗುವ ತಕ್ಕಡಿಯಲ್ಲಿ ತೂಗಿದೆ.

"ಇದೇನಿದು, ಮೈದಾದಲ್ಲಿ ಗ್ರೀಸು!"

"ನಾನೂರ ಹನ್ನೆರಡು ಗ್ರಾಂ ಇಳಿದಿದೆ, ಜಿಲ್!"

"ಸೈಕಲ್ಲಿಂದ ತಾನೆ? ಹೊಟ್ಟೆಗೂ ಒಂದು ತೂತು ಕೊರಿ, ನಾನು ಹಿಡ್ಕೋತೀನಿ."

ಆ ಬೇಸಿಗೆಯಲ್ಲಿ ರಸ್ತೆಗೆ ಹೊಸ ಟಾರು ಬಿದ್ದು ಗುರಿಯ ಹಳೆಯ ಗೆರೆ ಮುಚ್ಚಿಹೋಗಿತ್ತು. ಟಾರಿನ ಮೇಲೆ ಹೊಸ ಬಿಳಿಗೆರೆ ಬಳಿದವರೂ, ಅದರ ಪಕ್ಕ ಮಡಿಸುವ ಕುರ್ಚಿ ಹಾಕಿ ಗಡಿಯಾರ ಹಿಡಿದವರೂ, ದಾಖಲೆಯ ಒಡೆಯರೂ ಮಾವನವರೇ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳು ಒಂದೇ ಉಣ್ಣೆಟೋಪಿಯಡಿ ಕೂತಿದ್ದವು.

ಸ್ಪರ್ಧೆಯ ದಿನ ಅರ್ಧ ದಾರಿಯಲ್ಲಿ ಕಾಲುಗಳು ನನ್ನ ಸಂಬಂಧ ಕಡಿದುಕೊಂಡವು. ಮುಕ್ಕಾಲು ದಾರಿಯಲ್ಲಿ ಕಣ್ಣಿಗೆ ಕತ್ತಲೆ ಕವಿಯಿತು. ಆ ಕತ್ತಲೆಯಲ್ಲಿ ನನಗೆ ಕಂಡದ್ದು ಒಂದೇ: ಇದನ್ನು ಆ ಮನುಷ್ಯ ಪಾಳಿ ಮುಗಿಸಿ ಬಂದು ಮಾಡಿದ್ದರು! ಕೈಮುಗಿಯೋಣವೆಂದರೆ ಹ್ಯಾಂಡಲು ಬಿಡುವಂತಿರಲಿಲ್ಲ. ಗೆರೆ ದಾಟಿ ಹುಲ್ಲಿನ ಮೇಲೆ ಮೂಟೆಯಂತೆ ಬಿದ್ದೆ.

"ಮೂರು ಐವತ್ತಾರು," ಎಂದರು ಮಾವ. "ಎರಡೇ ಸೆಕೆಂಡು, ಮೇಷ್ಟ್ರೇ! ಆ ಕೇಕಿನ ಚೂರು ಬಿಡಬೇಕಿತ್ತು."

ವಿಚಿತ್ರವೆಂದರೆ ಅಂದು ಎಲ್ಲರೂ ತಮ್ಮ ಎಂದಿನ ವೇಳೆಗಿಂತ ಮೂರು ಸೆಕೆಂಡಿನಷ್ಟು ತಡ. ಚಹಾದ ಹೊತ್ತಿನಲ್ಲಿ ನಾನು ಇದಕ್ಕೆ ಗಾಳಿಯ ಸಾಂದ್ರತೆಯೇ ಕಾರಣವೆಂದು ಸವಿಸ್ತಾರವಾಗಿ ನಿರೂಪಿಸಿದೆ. ಎಲ್ಲರಿಗಿಂತ ಗಮನವಿಟ್ಟು ತಲೆದೂಗಿದವರು ಮಾವ.

ಜನವರಿಯಲ್ಲಿ ಅವರು ತೀರಿಕೊಂಡರು. ಅಂತ್ಯಸಂಸ್ಕಾರ ಮುಗಿಸಿ ಬಂದಾಗ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಅತ್ತೆ ಡೋರೀನ್ ಮೆಲ್ಲಗೆ ಹೇಳಿದರು: "ನಿಮ್ಮ ಮಾವ ಆ ಗೆರೇನ ಹಳೇ ಜಾಗದಲ್ಲಿ ಬಳೀಲಿಲ್ಲ ಕಂದಾ. ಜರುಗಿಸಿಬಿಟ್ರು. ಬಣ್ಣದ ಡಬ್ಬಿ ನಾನೇ ಹೊತ್ತೆ. ಐದು ಹೆಜ್ಜೆಗೊಂದ್ಸಲ ನಿಂತು ಉಸಿರು ತಗೋತಿದ್ರು, ಪಾಪ."

ಕೈಲಿದ್ದ ಚಹಾ ಕೆಳಗಿಟ್ಟೆ. ಹೃದಯ ಸೋತ ಮನುಷ್ಯ ಅಳಿಯನಿಗಾಗಿ ಬೆಟ್ಟವನ್ನೇ ಗಿಡ್ಡಮಾಡಿದ್ದರು. ಹಾಗಿದ್ದೂ ನಾನು ಸೋತಿದ್ದೆ!

"ಅತ್ತೇ, ನನಗೋಸ್ಕರ ಕೆಳಗಿಳಿಸಿದ್ರಾ?"

"ಕೆಳಗಾ?" ಅತ್ತೆಯ ಚಾಕು ಬ್ರೆಡ್ಡಿನ ಮೇಲೆ ನಿಂತಿತು. "ಮೇಲಕ್ಕೆ ಕಣೋ, ಇಪ್ಪತ್ತು ಹೆಜ್ಜೆ! ಈ ಸಲ ಮೇಷ್ಟ್ರು ಮುರಿದೇ ಮುರೀತಾನೆ ಅಂತ ವಾರವಿಡೀ ನಿದ್ದೇನೇ ಮಾಡಿರ್ಲಿಲ್ಲ."