ದರ್ಜಿಯ ಮಂಡಿ, ಬೀದಿಯ ಬಾಯಿ

ಇಷ್ಟೆಲ್ಲ ರಂಪಕ್ಕೆ ಮೂಲ ಅಂಗೈಯಗಲದ ಒಂದು ಚೀಟಿ.

ದರ್ಜಿಯ ಬಲಮಂಡಿ ಬಾತುಕೊಂಡು ಮೂರು ತಿಂಗಳಾಗಿತ್ತು. ಇಪ್ಪತ್ತೆಂಟು ವರ್ಷ ಹೊಲಿಗೆ ಮಿಷನ್ನು ತುಳಿದ ಮಂಡಿ ಅದು. ಈಗ ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ಒಳಗೆ ಕೆಂಡ ತುಂಬಿದ ಹಾಗೆ ಉರಿಯುತ್ತಿತ್ತು. ಹಿಂದಿನ ದಿನ ಡಾಕ್ಟರು ಒತ್ತಿ ನೋಡಿ, ಏನು ತಿನ್ನಬೇಕೆಂದು ಚೀಟಿ ಬರೆದುಕೊಟ್ಟಿದ್ದರು. ಸೊಪ್ಪು, ತರಕಾರಿ, ಕಾಳು, ಹಣ್ಣು, ಮೀನು ಧಾರಾಳವಾಗಿ ತಿನ್ನಿ. ಸಕ್ಕರೆ, ಕರಿದದ್ದು, ಬೇಕರಿ ತಿಂಡಿ ಕಡಿಮೆ ಮಾಡಿ. ಹೊಟ್ಟೆ ಸ್ವಲ್ಪ ಇಳಿಯಲಿ. ತೀರಾ ತಡೆಯಲಾಗದಿದ್ದರೆ ಬನ್ನಿ, ಇಂಜೆಕ್ಷನ್ ಕೊಡೋಣ.

ಚೀಟಿ ಅಡುಗೆಮನೆಯ ಗೋಡೆ ಮೇಲೆ ತೆಪ್ಪಗಿದ್ದಿದ್ದರೆ ಚೆನ್ನಾಗಿತ್ತು. ಆದರೆ ದರ್ಜಿಯ ಹೆಂಡತಿ ಬೆಳಿಗ್ಗೆ ಎದ್ದವಳೇ ಕೆಳಮನೆಯ ನಿವೃತ್ತ ಹೆಡ್‌ಮಿಸ್ಸನ್ನು ಮನೆಗೆ ಕರೆದು ಅದನ್ನು ತೋರಿಸಿದಳು. ಆಕೆ ಮೂವತ್ತೈದು ವರ್ಷ ಮಕ್ಕಳ ಪೇಪರು ತಿದ್ದಿದವರು. ಕಣ್ಣೆದುರು ಕಾಗದ ಬಂದರೆ ಸಾಕು, ಕೈ ತಾನಾಗಿಯೇ ಕೆಂಪು ಪೆನ್ನು ತಡಕಾಡುತ್ತಿತ್ತು.

"ತರಕಾರಿ ಅಂದ್ರೆ ಯಾವ ತರಕಾರಿ? ಬಿಡಿಸಿ ಬರೆದೇ ಇಲ್ಲ. ಟೊಮೆಟೊ ಕೂಡದು, ಬದನೆ ಕೂಡದು, ಆಲೂಗೆಡ್ಡೆ ಅಂತೂ ಕೂಡಲೇ ಕೂಡದು. ಉರಿಯೂತಕ್ಕೆ ಸೀಮೆಎಣ್ಣೆ ಸುರಿದ ಹಾಗೆ!"

"ಡಾಕ್ಟರು ಹಾಗೇನೂ ಹೇಳಿಲ್ವಲ್ಲ ಮಿಸ್?" ಎಂದ ದರ್ಜಿ, ಟೊಮೆಟೊ ಹಾಕಿ ಬೇಯಿಸಿದ ಮೊಟ್ಟೆಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ಡಾಕ್ಟರು ನನ್ನ ಸ್ಟೂಡೆಂಟೇ. ಏಳನೇ ಕ್ಲಾಸಲ್ಲಿ ವಿಜ್ಞಾನಕ್ಕೆ ಎಷ್ಟು ಮಾರ್ಕು ತಗೊಂಡಿದ್ದ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ."

ತಟ್ಟೆ ಹೋಯಿತು. ಬದಲಿಗೆ ಸಕ್ಕರೆಯಿಲ್ಲದ ಕಾಫಿ, ನಾಲ್ಕು ಬಾದಾಮಿ ಬಂತು. "ರೀ, ನಿಮ್ಮ ಒಳ್ಳೇದಕ್ಕೇ ತಾನೇ ಹೇಳೋದು?" ಎಂದಳು ಹೆಂಡತಿ. ಈ ಒಂದು ಮಾತು ಕೇಳಿದರೆ ದರ್ಜಿಗೆ ಪಿತ್ತ ನೆತ್ತಿಗೇರುತ್ತಿತ್ತು. ಬಾದಾಮಿಯನ್ನು ಶತ್ರುವಿನ ಮೂಳೆ ಅಗಿದ ಹಾಗೆ ಕಟಕಟ ಅಗಿದು ಅಂಗಡಿಗೆ ಹೊರಟ.

ಅವತ್ತು ಸಂಜೆ ಐದಕ್ಕೆ ಬ್ಯಾಂಕಿನ ಸಾಹೇಬರ ಕೋಟು ಪ್ಯಾಂಟು ಕೊಡಬೇಕಿತ್ತು. ಹನ್ನೆರಡೂವರೆಗೆ ಹೊಟ್ಟೆ ತಾಳ ಹಾಕಿತು. ಡಬ್ಬಿ ಬಿಚ್ಚಿದ. ಬೇಯಿಸಿದ ಕಾಳು, ಒಂದು ಮೊಟ್ಟೆ, ಒಂದು ಬಾಳೆಹಣ್ಣು. ವಾಸನೆ ಮೂಗು ಮುಟ್ಟುವ ಮೊದಲೇ ಎದುರು ಅಂಗಡಿಯ ಚಪ್ಪಲಿಯವನೂ ಪಕ್ಕದ ಗಡಿಯಾರ ರಿಪೇರಿಯವನೂ ಬಂದು ನಿಂತರು. ಇರುವೆಗೆ ಸಕ್ಕರೆ ಗೊತ್ತಾದ ಹಾಗೆ ಇವರಿಗೆ ಬಿಚ್ಚಿದ ಡಬ್ಬಿ ಗೊತ್ತಾಗುತ್ತಿತ್ತು.

"ಕಾಳಾ!" ಚಪ್ಪಲಿಯವನು ಎದೆ ಮೇಲೆ ಕೈಯಿಟ್ಟುಕೊಂಡ. "ಕಾಳು ಅಂದ್ರೆ ವಾಯು. ವಾಯು ಎಲ್ಲಿಗೆ ಹೋಗುತ್ತೆ? ಸೀದಾ ಕೀಲಿಗೆ. ತೆಗಿ ತೆಗಿ."

"ಮೊಟ್ಟೆಯೂ ಬೇಡ. ಉಷ್ಣ," ಎಂದ ಗಡಿಯಾರದವನು. ಅಂದವನೇ ಮೊಟ್ಟೆ ಎತ್ತಿ ತನ್ನ ಬಾಯಿಗೆ ಹಾಕಿಕೊಂಡ.

"ಅಷ್ಟು ಕೆಟ್ಟದ್ದಾದ್ರೆ ನೀನ್ಯಾಕೆ ತಿಂತಿದೀಯ?"

"ನನಗೆಲ್ಲಿ ಮಂಡಿನೋವಿದೆ?"

ಕಾಳು ಆಗಲೇ ಚಪ್ಪಲಿಯವನ ಹೊಟ್ಟೆ ಸೇರಿತ್ತು. ಬಾಳೆಹಣ್ಣು ಶೀತ ಎಂದು ಇಬ್ಬರೂ ಅರ್ಧರ್ಧ ಹಂಚಿಕೊಂಡರು. ದರ್ಜಿಯ ಪಾಲಿಗೆ ಉಳಿದದ್ದು ಡಬ್ಬಿಯ ಮುಚ್ಚಳ. ಅವನ ಕಿವಿಯ ತುದಿ ಕೆಂಪಾಯಿತು. ಆದರೂ ಹಲ್ಲು ಕಚ್ಚಿಕೊಂಡ. ನಾಳೆಯೂ ಇವರ ಮುಖವನ್ನೇ ನೋಡಬೇಕಲ್ಲ!

ಎರಡು ಗಂಟೆಗೆ ಸಾಹೇಬರು ಅಳತೆ ನೋಡಲು ಬಂದರು. ಪ್ಯಾಂಟಿನ ಅಂಚು ಮಡಚಲು ದರ್ಜಿ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು, ಆ ಬಾತ ಮಂಡಿಯನ್ನೇ ನೆಲಕ್ಕೂರಿದ. ನೋವು ಮಂಡಿಯಿಂದ ಹೊರಟು ತಲೆ ಮುಟ್ಟಿ ವಾಪಸ್ಸು ಬಂತು.

"ಮಂಡಿನೋವಾ ಮಾಸ್ಟರೇ?" ಎಂದರು ಸಾಹೇಬರು ಮೇಲಿಂದ. "ನಮ್ಮ ಅತ್ತಿಗೆಗೂ ಇತ್ತು. ಮೀನು ಬಿಟ್ಟರು, ಹೋಯ್ತು. ನೀವೂ ಬಿಡಿ."

"ಮ್ಮ್," ಎಂದ ದರ್ಜಿ ಸೂಜಿಯ ನಡುವಿನಿಂದ.

"ಹಾಲೂ ಬಿಡಿ. ಬ್ರೆಡ್ಡೂ ಬಿಡಿ."

"ಸೊಪ್ಪೂ ಬಿಡಬೇಕು ಸಾರ್," ಎಂದು ಚಪ್ಪಲಿಯವನು ಬಾಗಿಲಿಂದಲೇ ಸೇರಿಕೊಂಡ. "ಸೊಪ್ಪಲ್ಲಿ ಕಲ್ಲಿರುತ್ತೆ."

"ಸೊಪ್ಪು ಬಿಡಬಾರದು ಕಣಯ್ಯಾ, ನೀರು ಬಿಡಬೇಕು!" ಎಂದು ಗಡಿಯಾರದವನು ಅವನ ಮೇಲೆ ಏರಿಹೋದ.

ಮೂವರೂ ದರ್ಜಿಯ ತಲೆ ಮೇಲೆ, ಅವನ ಮಂಡಿಯ ಆಸ್ತಿ ಪಾಲು ಮಾಡುವವರ ಹಾಗೆ ಜಗಳಕ್ಕೆ ನಿಂತರು. ಬೆಳಿಗ್ಗೆಯಿಂದ ನಾಲ್ಕು ಬಾದಾಮಿಯ ಮೇಲೆ ದುಡಿಯುತ್ತಿದ್ದ ಮನುಷ್ಯ. ತಾಳ್ಮೆಯ ದಾರ ಪಟ್ಟನೆ ಹರಿಯಿತು. ಫೂ ಎಂದು ಉಗಿದ ಗುಂಡುಸೂಜಿಗಳು ಗೋಡೆಗೆ ಬಡಿದು ಟಿಣ್ ಟಿಣ್ ಉದುರಿದವು.

"ಸಾಕ್ರೀ! ನನ್ನ ಮಂಡಿನೋವು ಹೋಯ್ತು! ಗೊತ್ತಾಯ್ತಾ? ಹೋಯ್ತು! ಇನ್ನು ಯಾರೂ ಬಾಯಿ ಬಿಡಬೇಡಿ!"

ಮೂವರೂ ಅವನತ್ತ ಬಗ್ಗಿದರು. ಆಮೇಲೆ ಸಾಹೇಬರು ಮೆಲ್ಲಗೆ, "ಏನು ತಿಂದ್ರಿ?" ಎಂದರು.

ಸಿಟ್ಟಿನ ಕೈಗೆ ಬುದ್ಧಿ ಕೊಟ್ಟರೆ ಏನಾಗುತ್ತದೋ ಅದೇ ಆಯಿತು. ಬಾಯಿಗೆ ಬಂದದ್ದನ್ನೆಲ್ಲ ದರ್ಜಿ ಒದರಿದ. "ಹಸಿ ಮೂಲಂಗಿ ಸೊಪ್ಪು, ಹೂಕೋಸಿನ ದಂಟು, ಎರಡನ್ನೂ ಅರೆದು ದೊಡ್ಡ ಲೋಟದ ತುಂಬ ಕುಡಿದೆ! ಹೋಗಿ, ನೀವೂ ಕುಡೀರಿ!"

"ಸುಳ್ಳು," ಎಂದ ಗಡಿಯಾರದವನು. "ಹೋಗಿದ್ರೆ ಎಲ್ಲಿ, ಕೂತು ಎದ್ದು ತೋರಿಸು."

ದರ್ಜಿ ತೋರಿಸಿದ. ಹತ್ತು ಸಲ ಕೂತ, ಹತ್ತು ಸಲ ಎದ್ದ. ಅಷ್ಟಕ್ಕೂ ಸಿಟ್ಟು ಇಳಿಯದೆ ಬಟ್ಟೆ ಕತ್ತರಿಸುವ ಮೇಜು ಹತ್ತಿ ಅಲ್ಲಿಂದ ಧುಮುಕಿದ. ಮಂಡಿಯೊಳಗೆ ತುಕ್ಕು ಹಿಡಿದ ಬಾಗಿಲು ತೆರೆದಂತೆ ಏನೋ ಕಿರ್ರೆಂದಿತು. ಕಣ್ಣಲ್ಲಿ ದಳದಳ ನೀರು.

"ನೋಡಿ, ಆನಂದಬಾಷ್ಪ!" ಎಂದರು ಸಾಹೇಬರು.

ಮಾತು ಬೀದಿಗೆ ಬಿತ್ತು. ಮೂರೂವರೆಗೆ ತರಕಾರಿ ಅಂಗಡಿಯಲ್ಲಿ ಮೂಲಂಗಿ ಸೊಪ್ಪು ಖಾಲಿ. ನಾಲ್ಕಕ್ಕೆ ದರ್ಜಿಯ ಅಂಗಡಿ ಮುಂದೆ ಕುಂಟುವವರ ಸಾಲು. ಅಳತೆ ಎಷ್ಟು, ದಂಟಿನ ಸಿಪ್ಪೆ ತೆಗೀಬೇಕಾ, ಊಟಕ್ಕೆ ಮೊದಲಾ ಆಮೇಲಾ ಎಂದು ನೂರೆಂಟು ಪ್ರಶ್ನೆ. ಒಬ್ಬೊಬ್ಬರಿಗೂ ಗದರಿ ಗದರಿ ಗಂಟಲು ಬಿದ್ದುಹೋಯಿತು. ಅವನು ಗದರಿದಷ್ಟೂ ಜನ, "ಗುಣವಾದ ಮೇಲೆ ಎಷ್ಟು ಚುರುಕಾಗಿದ್ದಾರೆ ನೋಡಿ," ಎಂದು ಮೆಚ್ಚಿಕೊಂಡರು.

ಐದಕ್ಕೆ ಕೋಟು ಪ್ಯಾಂಟು ಕೊಟ್ಟು ಕಳಿಸುವ ಹೊತ್ತಿಗೆ ಮಂಡಿ ಕುಂಬಳಕಾಯಿಯಾಗಿತ್ತು. ಕದ ಹಾಕಿ, ಹಿಂದಿನ ಗಲ್ಲಿಯಲ್ಲಿ ಗೋಡೆ ಹಿಡಿದುಕೊಂಡು ಡಾಕ್ಟರ ಕಡೆ ಹೊರಟ. ಯಾರಾದರೂ ಎದುರು ಬಂದರೆ ನೆಟ್ಟಗೆ ನಿಂತು, ಹಲ್ಲು ಕಿರಿದು, ಮದುಮಗನ ಹಾಗೆ ನಡೆಯಬೇಕಾಗಿತ್ತು. ಅವರು ಮರೆಯಾದ ಮೇಲೆ ಅವರ ವಂಶವನ್ನೆಲ್ಲ ಶಪಿಸುತ್ತ ಮತ್ತೆ ಕುಂಟಬೇಕಾಗಿತ್ತು.

"ಸಾರ್, ಇಂಜೆಕ್ಷನ್ ಕೊಡಿ. ಜೀವ ಹೋಗ್ತಿದೆ," ಎಂದು ಡಾಕ್ಟರ ಮುಂದಿನ ಸ್ಟೂಲಿನ ಮೇಲೆ ಕುಸಿದ.

ಡಾಕ್ಟರು ಪೆನ್ನು ಕೆಳಗಿಟ್ಟರು. ಎದ್ದರು. ಮೇಜು ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ಎಡಗಾಲು ಎಳೆಯುತ್ತ ಹೋಗಿ ಬಾಗಿಲ ಚಿಲಕ ಹಾಕಿ ಬಂದರು. ಮೇಜಿನ ಕೆಳಗಿಂದ ಒಂದು ಲೋಟ ತೆಗೆದಿಟ್ಟರು. ತಳದಲ್ಲಿ ಹಸಿರು ಗಸಿ.

"ಒಂಬತ್ತು ವರ್ಷದ ನೋವು ಮಾಸ್ಟರೇ," ಎಂದರು ಪಿಸುದನಿಯಲ್ಲಿ. "ಯಾರಿಗೂ ಹೇಳಿಲ್ಲ. ಎರಡು ಲೋಟ ಕುಡಿದೆ. ಹೊಟ್ಟೆ ತೊಳಸ್ತಿದೆಯೇ ಹೊರತು ಕಾಲಿಗೇನೂ ಆಗಿಲ್ಲ. ಅಳತೆ ಎಲ್ಲಿ ತಪ್ಪಿದೆ ಹೇಳಿ."

"ಅಯ್ಯೋ, ಅದು ಸುಳ್ಳು ಸಾರ್! ಸಿಟ್ಟಲ್ಲಿ ಬಾಯಿಗೆ ಬಂದದ್ದು ಅಂದೆ. ನನ್ನ ಮಂಡಿ ನೋಡಿ ಬೇಕಾದ್ರೆ!" ದರ್ಜಿ ಪ್ಯಾಂಟು ಮೇಲೆತ್ತಲು ಹೋದ. ತಾನೇ ಮೈಗೆ ಅಂಟುವಂತೆ ಹೊಲಿದುಕೊಂಡ ಪ್ಯಾಂಟು. ಮಂಡಿ ಬಾತಿದ್ದರಿಂದ ಒಂದಂಗುಲವೂ ಮೇಲೇರಲಿಲ್ಲ.

ಡಾಕ್ಟರ ಮುಖ ಕೆಂಪೇರಿತು. "ಚಪ್ಪಲಿಯವನಿಗೆ ಹೇಳ್ತೀರಿ, ಬ್ಯಾಂಕಿನವರಿಗೆ ಹೇಳ್ತೀರಿ. ನನ್ನ ಹತ್ರ ಮಾತ್ರ ಗುಟ್ಟಾ? ನೀವು ಮೇಜಿನಿಂದ ಹಾರಿದ್ದನ್ನ ಇಡೀ ಬೀದಿ ನೋಡಿದೆ!"

"ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ನಂಬಿ…"

"ಕಾಲಿಗೆ ಬೀಳೋಷ್ಟು ಬಗ್ತೀರಲ್ಲ, ಸಾಕು, ಗೊತ್ತಾಯ್ತು," ಎಂದು ಡಾಕ್ಟರು ಚಿಲಕ ತೆಗೆದು ಗಂಟೆ ಬಾರಿಸಿದರು. "ಏಳ್ರೀ ಮೇಲೆ. ನಿಜವಾಗಿ ನೋವಿರೋರು ಹೊರಗೆ ಕಾಯ್ತಿದ್ದಾರೆ."