ಮಮದಾಪುರದ ಮಡುವಿಗೆ ಸೀಸ ಎಲ್ಲಿಂದ ಬಂತು?

ನಾನು ಸುಮ್ಮನೆ ಕೂತರೂ ನನ್ನ ಜೀಪಿನೊಳಗೆ ಏನಾದರೊಂದು ಆಗಿಯೇ ತೀರುತ್ತದೆ. ‘ನೀವು ಸುಮ್ಮನ ಕೂತದ್ದು ಯಾವಾಗ?’ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಆಕೆಯ ಮಾತು ನಂಬಬೇಡಿ, ನನ್ನದನ್ನು ನಂಬಿ.

ಗೋಕಾಕದಲ್ಲಿ ಬಾಡಿಗೆ ಜೀಪು ಹೊಡೆಯುವವ ನಾನು. ಈಚೆಗೆ ಒಬ್ಬ ವಿಜ್ಞಾನಿ ಮೇಡಮ್ಮನವರ ಕೆಲಸಕ್ಕೆ ಗಾಡಿ ಹಚ್ಚಿದ್ದೇನೆ. ಮೈಸೂರು ಕಡೆಯವರು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಹಳ್ಳ, ಕಾಲುವೆ, ಬಾವಿ ಸುತ್ತಿ ನೀರು, ಕೆಸರು, ಮೀನು ಹಿಡಿದು ತುಂಬಿಕೊಳ್ಳುತ್ತಾರೆ. ಹೊಲಕ್ಕೆ ಹಾಕಿದ ಗೊಬ್ಬರ, ಬೆಳೆಗೆ ಹೊಡೆದ ಔಷಧಿ, ಊರಿನ ಹೊಲಸು ಎಲ್ಲ ನೀರಿಗಿಳಿದ ಮೇಲೆ ಮೀನಿಗೇನಾಗುತ್ತದೆ, ಕಪ್ಪೆಗೇನಾಗುತ್ತದೆ, ಆ ನೀರು ಕುಡಿದ ದನಕ್ಕೇನಾಗುತ್ತದೆ, ಇದು ಅವರ ಸಂಶೋಧನೆ. ತುಂಬಿದ ಬಾಟಲಿಗಳನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಬೆಳಗಾವಿಯ ಲ್ಯಾಬಿಗೆ ಮುಟ್ಟಿಸುವುದು ನನ್ನ ಪಾಲಿನ ಸಂಶೋಧನೆ. ತಡವಾದರೆ ನೀರೂ ಕೆಡುತ್ತದೆ, ಮೇಡಮ್ಮನವರ ಮುಖವೂ ಕೆಡುತ್ತದೆ.

ಈ ಸಲದ ಬೇಸಿಗೆಯಲ್ಲಿ ಮಮದಾಪುರದ ಹಳ್ಳದ ಮಡುವಿನಲ್ಲಿ ಮೀನು ಸತ್ತು ತೇಲಿದವು. ಮಡುವಿನ ಬಾಜೂಕ್ಕೇ ಕುರಿ ಕಾಯುವ ಒಬ್ಬ ಕಾಕಾನ ಮನೆ. ಅವನ ಹಿಂಡಿಗೆಲ್ಲ ಅದೊಂದೇ ಹತ್ತಿರದ ನೀರು. ಓದಿದ ಹೆಂಗಸರನ್ನೆಲ್ಲ ‘ಬಾಯಾರ’ ಎಂದೇ ಕರೆಯುವ ಕಾಕಾ, ಮೇಡಮ್ಮನವರ ಎದುರು ಬಂದು ನಿಂತ.

“ಬಾಯಾರ, ಉದ್ದದ ಮಾತು ನನಗ ತಿಳಿಯೂದಿಲ್ಲ. ಕುರಿಗೆ ಕುಡಸ್ಲೋ ಬ್ಯಾಡೋ? ಇಷ್ಟ ಹೇಳ್ರಿ.”

“ಪರೀಕ್ಷೆ ಆಗೋ ತನಕ ಬೇಡ ಕಾಕಾ,” ಎಂದರು ಮೇಡಮ್ಮನವರು.

ಅಂದಿನಿಂದ ಕಾಕಾ ಹಿಂಡನ್ನು ದೂರದ ಕಾಲುವೆಗೆ ಹೊಡೆಯತೊಡಗಿದ. ಮರಿಗಳು ದಾರಿಯಲ್ಲೇ ಕಾಲು ಮಡಚಿ ಕೂರುತ್ತಿದ್ದವು. ಅವತ್ತು ನಾವು ಮಡುವಿನ ನೀರು ತುಂಬಿಕೊಂಡು ಹೊರಟರೆ ಕಾಕಾನ ಹೆಂಡತಿ, ಅಂದರೆ ಕಾಕು, ಬಾಗಿಲಿಗೆ ಅಡ್ಡ ನಿಂತಳು. “ಚಾ ಕುಡೀಲಾರದ ಹೆಂಗ ಹೊಕ್ಕೀರಿ?” ಕುಡಿದೆವು. ಪೆಟ್ಟಿಗೆ ಅಂಗಳದಲ್ಲಿ ಕಾಯುತ್ತಿತ್ತು.

೧. ಪೆಟ್ಟಿಗೆಯಲ್ಲಿ ಕಿಡ್ನಿ

ಮಡುವಿನ ನೀರಿನ ಜೊತೆ ಎರಡು ಮೀನನ್ನೂ ಪೆಟ್ಟಿಗೆಗೆ ಹಾಕಿಕೊಂಡು, ಹುಕ್ಕೇರಿ ಕಡೆಯ ಕೆಲಸ ಮುಗಿಸಿ ಯಮಕನಮರಡಿಗೆ ಬಂದರೆ ರಸ್ತೆಯೇ ಬಂದ್. ಟ್ರ್ಯಾಕ್ಟರ್ ಟ್ರಾಲಿಯೊಂದು ಅಡ್ಡ ಮಲಗಿತ್ತು. ಬಿಸಿಲು ಅಂದರೆ ಬಿಸಿಲು. ಮೇಡಮ್ಮನವರು ಪೆಟ್ಟಿಗೆ ತೆರೆದು ನೋಡಿದರು, ಮುಚ್ಚಿದರು, ಮತ್ತೆ ತೆರೆದರು. “ಐಸ್ ಕರಗ್ತಾ ಇದೆ. ಇದು ಕೆಟ್ಟರೆ ಆ ಕಾಕಾನಿಗೆ ನಾನು ಏನು ಹೇಳಲಿ?”

ನನ್ನಿಂದ ನೋಡಲಾಗಲಿಲ್ಲ. ಇಳಿದು ಹೋಗಿ ಅಲ್ಲಿದ್ದ ಹವಾಲ್ದಾರರ ಕಿವಿಯಲ್ಲಿ, “ಸಾಹೇಬ್ರ, ಪೆಟಿಗ್ಯಾಗ ಕಿಡ್ನಿ ಐತ್ರಿ. ಬೆಳಗಾವ್ಯಾಗ ಪೇಶೆಂಟನ ಹೊಟ್ಟಿ ಕೊಯ್ದು ಇಟ್ಟಾರು, ಕಾಯಾಕತ್ತಾರು,” ಎಂದೆ.

ಆ ಪುಣ್ಯಾತ್ಮ ಜನರನ್ನು ಕೂಗಿ ಕರೆದ. ಅಂಗಡಿಯವರೆಲ್ಲ ಓಡಿ ಬಂದು ಟ್ರಾಲಿಗೆ ಹೆಗಲು ಕೊಟ್ಟರು. ಹವಾಲ್ದಾರರು ಮೋಟಾರ್ ಸೈಕಲ್ ಮೇಲೆ ಸೀಟಿ ಊದುತ್ತ ಮುಂದೆ, ನಾವು ಹಿಂದೆ. ಮೇಡಮ್ಮನವರಿಗೆ ಖುಷಿಯೋ ಖುಷಿ. “ಈ ಕಡೆ ಜನಕ್ಕೆ ವಿಜ್ಞಾನದ ಮೇಲೆ ಎಷ್ಟೊಂದು ಗೌರವ!”

ದಾರಿಯಲ್ಲೊಂದು ಸೇತುವೆ. ಅದರ ಕೆಳಗಿನ ನೀರೂ ಅವರಿಗೆ ಬೇಕಿತ್ತು. ಖಾಲಿ ಬಾಟಲಿ ಹಿಡಿದು ಇಳಿದರೋ ಇಲ್ಲವೋ, ಹವಾಲ್ದಾರರು ತಿರುಗಿ ಬಂದು ಕೂಗಾಡಿದರು: “ಅಲ್ರಿ, ಅಲ್ಲೊಬ್ಬಾಂವ ಸಾಯಾಕತ್ತಾನು, ನಿಮಗ ಹಳ್ಳದ ನೀರಿನ ಚಿಂತಿ ಐತಿ? ಹತ್ರಿ ಗಾಡಿ!”

ಲ್ಯಾಬಿನ ತಿರುವೂ ದಾಟಿ ಹೋಯಿತು. ಸೀದಾ ದೊಡ್ಡ ದವಾಖಾನೆಯ ಬಾಗಿಲಿಗೆ ತಂದು ನಿಲ್ಲಿಸಿ, ಹವಾಲ್ದಾರರೇ ಪೆಟ್ಟಿಗೆ ತೆರೆದರು. ಐಸಿನ ಮೇಲೆ ಮಲಗಿದ್ದ ಎರಡು ಮೀನು ಅವರನ್ನೇ ನೋಡುತ್ತಿದ್ದವು.

“ಎಲ್ಲೈತಲೇ ಕಿಡ್ನಿ?”

“ಇವರಿಬ್ಬರದರಾಗೂ ಐತ್ರಿ ಸಾಹೇಬ್ರ,” ಎಂದೆ. “ಇನ್ನ ತಗದಿಲ್ಲ.”

೨. ನನಗ್ಯಾಕ ಕಮ್ಮಿ?

ಹವಾಲ್ದಾರರ ಬೈಗುಳ ನನಗೆ ಬಿತ್ತು, ಮೇಡಮ್ಮನವರ ಕ್ಷಮಾಪಣೆ ಅವರಿಗೆ ಹೋಯಿತು. ಸುದೈವ, ನೀರು ಕೆಡುವ ಮೊದಲು ಲ್ಯಾಬ್ ಮುಟ್ಟಿತು. “ಇನ್ನೊಂದು ಸಲ ಇಂಥದ್ದು ಮಾಡಿದರೆ ಬೇರೆ ಜೀಪು ನೋಡ್ಕೋತೀನಿ,” ಎಂದು ಮೇಡಮ್ಮನವರು ನನ್ನ ಜೊತೆ ಮಾತು ಬಿಟ್ಟರು. ಕಾಕಾ ಮಾತ್ರ ಬೆಳಗಾದರೆ ನನಗೆ ಫೋನ್ ಹಚ್ಚುತ್ತಿದ್ದ. “ಬಂತೇನೋ ತಮ್ಮಾ? ಎರಡು ಮರಿ ಎತ್ತಿಗೊಂಡ ನಡದೇನಿ ಇವತ್ತ.”

ಹೀಗೆ ಕಾಯುವಾಗಲೇ ಮೂಡಲಗಿ ಕಡೆಗೆ ಹೋದೆವು. ಅಕ್ಕಪಕ್ಕದ ಹೊಲದ ಇಬ್ಬರು ರೈತರ ಬಾವಿ ನೀರನ್ನು ಹಿಂದೆಯೇ ಪರೀಕ್ಷೆಗೆ ಒಯ್ದಿದ್ದೆವು. ಒಬ್ಬನ ಬಾವಿಗೆ ಗೊಬ್ಬರ ಬಹಳ ಬಸಿದಿತ್ತು, ಇನ್ನೊಬ್ಬನದರಲ್ಲಿ ಕಡಿಮೆ. ಮೇಡಮ್ಮನವರು ಚಿಂತೆಯಿಂದ ಹೇಳಿದರು. ‘ಬಹಳ’ ಎನಿಸಿಕೊಂಡವನು ಮೀಸೆ ತಿರುವಿದ. ‘ಕಡಿಮೆ’ಯವನ ಮುಖ ಸಪ್ಪಗಾಯಿತು.

“ಅಂವಗ ಹೆಚ್ಚ, ನನಗ್ಯಾಕ ಕಮ್ಮಿರಿ? ಅಂವಗ ನೀರಿನಾಗ ಪುಗಸಟ್ಟೆ ಗೊಬ್ಬರ ಬರಾಕತ್ತೈತಿ ಅಂದಂಗಾತು!”

“ಅಯ್ಯೋ, ಹೆಚ್ಚಿದ್ದರೆ ಕೆಟ್ಟದ್ದು ಕಣ್ರೀ. ಮಕ್ಕಳು ಕುಡಿಯೋ ನೀರು ಅದು!”

“ನೀವು ಅವನ ಮನಿಯಾಗ ಮೊದಲ ಚಾ ಕುಡದೀರಿ. ಅದಕ್ಕ ಅವನ ಕಡೆ ಮಾತಾಡತೀರಿ.”

ಜಗಳ ಬೇಡವೆಂದು ಹೊರಟೆವು. ಜೀಪು ತಿರುಗಿಸುವಾಗ ಕನ್ನಡಿಯಲ್ಲಿ ನೋಡುತ್ತೇನೆ, ‘ಕಡಿಮೆ’ಯವನು ಯೂರಿಯಾ ಚೀಲ ಹೊತ್ತು ತನ್ನ ಬಾವಿ ಕಡೆ ನಡೆದಿದ್ದಾನೆ! ಮೇಡಮ್ಮನವರು ಇಳಿದು ಓಡಿದ ಓಟ ಇದೆಯಲ್ಲ, ಅದಕ್ಕೆ ಪದಕ ಕೊಡಬೇಕು. ಬಾವಿಯ ಕಟ್ಟೆಯ ಮೇಲೆ ಚೀಲದ ಒಂದು ಮೂಲೆ ಅವನ ಕೈಯಲ್ಲಿ, ಇನ್ನೊಂದು ಮೂಲೆ ಇವರ ಕೈಯಲ್ಲಿ. ಕಾಲು ಜಾರಿದರೆ ಇಬ್ಬರೂ ಒಳಗೆ. ನಾನು ಕೂಗಿದೆ: “ಯಜಮಾನ್ರ, ಕಮ್ಮಿ ಇದ್ದಾವರು ಪಾಸು! ಹೆಚ್ಚಿದ್ದಾವರು ನಪಾಸು!”

ಅವನು ಚೀಲ ಬಿಟ್ಟ. ಒಂದು ಕ್ಷಣ ಯೋಚಿಸಿ, ಬೇಲಿಯಾಚೆ ಬಾಯಿ ಮಾಡಿದ: “ಕೇಳಿಸ್ತೇನೋ? ನೀ ನಪಾಸು!” ನಂತರ ಮೇಡಮ್ಮನವರ ಕಡೆ ತಿರುಗಿ ಮೆಲ್ಲಗೆ, “ಈ ಚೀಲ ಅವನ ಬಾವಿಗಿ ಸುರಿದು ಬರ್ಲೇನ್ರಿ?”

೩. ಖರೆ ಹೇಳುವ ಮುಖ

ಕಡೆಗೆ ಲ್ಯಾಬಿನಿಂದ ಫೋನ್ ಬಂತು. ಮೇಡಮ್ಮನವರು ಕೇಳುತ್ತ ಕೇಳುತ್ತ ಜೀಪಿನ ಬಾಗಿಲು ಹಿಡಿದುಕೊಂಡರು.

“ಸೀಸ. ತುಂಬಾ ಇದೆ. ಜೊತೆಗೆ ಯಾವುದೋ ಬಣ್ಣ.”

ಸೀಸ ಅಂದರೆ ಬೆಂಕಿ ಅಲ್ಲ, ಬೂದಿಯೊಳಗಿನ ಕೆಂಡ; ಮೆಲ್ಲಗೆ ಮೈಯೊಳಗೆ ಕೂರುತ್ತದೆ, ಎದ್ದು ಹೋಗುವುದಿಲ್ಲ ಎಂದು ಅವರೇ ತಿಳಿಸಿ ಹೇಳಿದರು. ಮಮದಾಪುರದಲ್ಲಿ ಸುದ್ದಿ ಕೇಳಿ ಕಾಕಾ ನೆಲಕ್ಕೆ ಕೂತ. ಇಷ್ಟು ದಿನ ‘ಬೇಡ’ ಎಂಬುದು ನಾಲ್ಕು ದಿನದ ಮಾತಾಗಿತ್ತು. ಈಗ ಕಾಯಂ ಆದರೆ ಹಿಂಡು ಎಬ್ಬಿಸಿಕೊಂಡು ಊರು ಬಿಡಬೇಕು.

ಬಣ್ಣ ಹಾಕುವ ಕಾರ್ಖಾನೆ ಎಲ್ಲಾದರೂ ಇದೆಯೇ ಎಂದು ಹಳ್ಳ ಹಿಡಿದು ಮೇಲಕ್ಕೆ ನಡೆದೆವು. ಜಾಲಿ ಮುಳ್ಳು, ಬಿಸಿಲು, ಕಲ್ಲು. ಕಾರ್ಖಾನೆ ಬಿಡಿ, ಒಂದು ಬಣ್ಣದ ಡಬ್ಬಿ ಕೂಡ ಸಿಗಲಿಲ್ಲ. ಮೇಡಮ್ಮನವರು ನಿಂತರು. ನಿಧಾನವಾಗಿ ನನ್ನ ಕಡೆ ತಿರುಗಿದರು.

“ಪೆಟ್ಟಿಗೆ ನಿಮ್ಮ ಕೈಯಲ್ಲೇ ಇತ್ತು ಅಲ್ವಾ?”

“ಮೇಡಮ್ಮಾರ, ದೇವರಾಣಿ ನಾ ಏನೂ ಹಾಕಿಲ್ಲರಿ!”

“ಕಿಡ್ನಿ ಅಂತ ಹೇಳಿದ್ದೂ ಇದೇ ಮುಖದಲ್ಲೇ.”

ಖರೆ ಹೇಳಲಿಕ್ಕೆ ನನ್ನ ಹತ್ತಿರ ಬೇರೆ ಮುಖ ಇಲ್ಲ, ಏನು ಮಾಡುವುದು? ಹೆಂಡತಿಗೆ ಫೋನ್ ಹಚ್ಚಿ, “ನಾ ಅಂಥಾಂವಲ್ಲ ಅಂತ ಮೇಡಮ್ಮಾರಿಗೆ ಒಂದ ಮಾತ ಹೇಳು,” ಎಂದು ಫೋನನ್ನು ಅವರ ಕೈಗೆ ಕೊಟ್ಟೆ.

ಅತ್ತಲಿಂದ ಆಕೆಯ ದನಿ ನನಗೂ ಕೇಳಿಸಿತು. “ಏನ ಹಾಕ್ಯಾರ್ರಿ ಮೇಡಮ್ಮಾರ?”

೪. ಮನೆಗೆ ಬಂದ ಗಂಗವ್ವ

ಮತ್ತೆ ನೀರು ತುಂಬಿದೆವು. ಇದರಲ್ಲೂ ಸೀಸ ಬಂದರೆ ಕಾಕಾ ಗಂಟು ಕಟ್ಟುವುದು ಖಂಡಿತ, ಬರದಿದ್ದರೆ ನನ್ನ ಜೀಪು ಕೆಲಸ ಬಿಡುವುದು ಖಂಡಿತ. ಈ ಸಲ ಮೇಡಮ್ಮನವರೇ ಪೆಟ್ಟಿಗೆ ಹೊತ್ತು ತಂದು ಅಂಗಳದಲ್ಲಿಟ್ಟರು. ನನ್ನನ್ನು ಹತ್ತಿರಕ್ಕೂ ಬಿಡಲಿಲ್ಲ. ಒಳಗೆ ಕಾಕು ಎಲ್ಲರ ಕೈಗೆ ಚಹಾ ಕೊಟ್ಟು, “ಕುಡೀತಿರ್ರಿ, ಬಂದೆ,” ಎಂದು ಹೊರಗೆ ಹೋದಳು. ದಡ್ಡಿಯಲ್ಲಿ ಕುರಿಗಳು ನೀರಿಗಾಗಿ ಒದರುತ್ತಿದ್ದವು.

ನಾನು ಕಿಟಕಿಯಿಂದ ಪೆಟ್ಟಿಗೆಯನ್ನೇ ನೋಡುತ್ತಿದ್ದೆ. ಕಾಕು ಬಂದಳು. ಸೆರಗು ಹೊದ್ದುಕೊಂಡು ಪೆಟ್ಟಿಗೆಗೆ ಕೈ ಮುಗಿದಳು. ಮುಚ್ಚಳ ತೆರೆದಳು. ಒಂದು ಬಾಟಲಿಯ ಬಿರಡೆ ತಿರುವಿದಳು.

“ಮೇಡಮ್ಮಾರ!” ಎಂದು ಪಿಸುಗುಟ್ಟಿದೆ. ಅವರು ನಂಬಲಿಲ್ಲ. ರಟ್ಟೆ ಹಿಡಿದು ಕಿಟಕಿಗೆ ಎಳೆದೆ.

ಕಾಕುವಿನ ಎಡಗೈಯಲ್ಲಿ ಕುಂಕುಮದ ಬಟ್ಟಲು. ಬಲಗೈಯ ಚಿಟಿಕೆ ಬಾಟಲಿಯ ಬಾಯೊಳಗೆ.

“ಕಾಕೂ!” ಎಂದು ಕೂಗುತ್ತ ಮೇಡಮ್ಮನವರು ಅಂಗಳಕ್ಕೆ ಓಡಿದರು.

ಕಾಕು ಬೆದರಲಿಲ್ಲ. “ಯಾಕ್ರಿ ಬಾಯಾರ, ಅವತ್ತೂ ಹಾಕಿದ್ದೆ. ಗಂಗವ್ವ ಮನಿಮಟಾ ಬಂದಾಳು. ಅರಿಶಿಣ ಕುಂಕಮ ಇಲ್ಲದ ಹಂಗ ಕಳಸಾಕಾಗತೈತೇನು?”

“ಬಾಟಲಿ ಹೊರಗೆ ಹಚ್ಚಬಹುದಿತ್ತಲ್ಲ ಕಾಕು!”

“ಹೊರಗ ಹಚ್ಚಿದ್ರ ಪ್ಲಾಸ್ಟಿಕ್ಕಿಗೆ ಮುಟ್ಟತೈತಿ. ಗಂಗವ್ವಗ ಹೆಂಗ ಮುಟ್ಟತೈತ್ರಿ?”

ಮೇಡಮ್ಮನವರು ಅಂಗಳದಲ್ಲೇ ಕೂತುಬಿಟ್ಟರು.

ಆಮೇಲೆ ಹೊಸದಾಗಿ ನೀರು ತುಂಬಿ, ಬಿರಡೆಗೆ ಟೇಪು ಸುತ್ತಿ, ಬಟ್ಟಲಿನ ಕುಂಕುಮವನ್ನೂ ಒಂದು ಪೊಟ್ಟಣ ಕಟ್ಟಿಕೊಂಡು ಬೆಳಗಾವಿಗೆ ಓಡಿಸಿದೆ. ಈ ಸಲ ಕಿಡ್ನಿ ಇರಲಿಲ್ಲ, ಸ್ಪೀಡು ಮಾತ್ರ ಅದೇ. ಫಲಿತಾಂಶ ಬಂದ ದಿನ ಮೇಡಮ್ಮನವರು ಫೋನಿನಲ್ಲಿ ಹೇಳಲಿಲ್ಲ, ಮಮದಾಪುರಕ್ಕೇ ಬಂದರು. ಕಾಕಾ ದಡ್ಡಿಯ ಬಾಗಿಲು ಹಿಡಿದು ನಿಂತಿದ್ದ.

“ಮಡುವಿನಲ್ಲಿ ಸೀಸ ಇಲ್ಲ ಕಾಕಾ. ಔಷಧಿಯೂ ಇಲ್ಲ. ಬಿಸಿಲಿಗೆ ನೀರು ಇಳಿದು, ಉಸಿರು ಸಾಲದೆ ಮೀನು ಸತ್ತಿವೆ. ಕುಡಿಸಿ.”

ಕಾಕಾ ಬಾಗಿಲು ತೆಗೆದ. ಹಿಂಡು ನಮ್ಮೆಲ್ಲರನ್ನೂ ತಳ್ಳಿಕೊಂಡು ಮಡುವಿಗೆ ಇಳಿಯಿತು. ಕಾಕಾ ಟೋಪಿ ತೆಗೆದು ಮುಖ ಒರೆಸಿಕೊಂಡ.

ಆಗ ಮೇಡಮ್ಮನವರು ಮೆಲ್ಲಗೆ ಕಾಕುವಿನ ಕಡೆ ತಿರುಗಿದರು. “ಸೀಸ ಇದ್ದದ್ದು ಸಂತೆಯಲ್ಲಿ ತಂದ ಆ ಕುಂಕುಮದಲ್ಲಿ. ಇನ್ನು ಅದನ್ನ ಹಣೆಗೆ ಹಚ್ಚಬೇಡಿ ಕಾಕು. ಮನೆಯಲ್ಲೇ ಅರಿಶಿಣದಿಂದ ಮಾಡ್ಕೊಳ್ಳಿ.”

ಕುರಿಯ ಚಿಂತೆ ಹೋದದ್ದೇ ತಡ, ಕಾಕಾನಿಗೆ ಹುರುಪು ಬಂತು. “ಈಗ ತಿಳೀತು ನೋಡ್ರಿ ಬಾಯಾರ! ಲಗ್ನ ಆದಾಗಿಂದ ಈಕಿ ನನ್ನ ಮ್ಯಾಲ ಯಾಕ ಹರಿಹಾಯ್ತಾಳಂತ ತಿಳೀವಲ್ದಾಗಿತ್ತು. ಇಸಾ ಹಣ್ಯಾಗಿಂದ ಸೀದಾ ತಲಿಗೇರೈತಿ!”

ಕಾಕು ಸಿಟ್ಟಾಗಲಿಲ್ಲ. ಖಾಲಿಯಾಗಿದ್ದ ನಮ್ಮ ಪೆಟ್ಟಿಗೆಯನ್ನು ಎಳೆದು ತಂದು, ಮುಚ್ಚಳ ತೆರೆದು, ಮೇಡಮ್ಮನವರ ಮುಂದಿಟ್ಟಳು.

“ಕುಂಕಮಕ್ಕ ಅನ್ನಬ್ಯಾಡ್ರಿ ಬಾಯಾರ. ಯಾರ ಹೆಸರ್ಲೆ ಹಚ್ಚಿಕೊಂಡೇನಿ, ಅವರನ್ನ ಇದರಾಗ ಕುಂದರಿಸಿಕೊಂಡು ಹೋಗಿ ಪರೀಕ್ಷಾ ಮಾಡಸ್ರಿ. ಸೀಸ ಅಲ್ಲಿ ಸಿಗತೈತಿ.”