ಖಾನಾಪುರಕ್ಕೆ ಹೋದ ಇಲಿ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮಹಾಂತೇಶ ನಗರದ ಧನ್ಯಕುಮಾರ ಕಾರಿನ ಕೀಲಿ ತಿರುವಿದ. ಕಾರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇನ್ನೊಮ್ಮೆ ತಿರುವಿದ. ಸ್ಟಿಯರಿಂಗಿನ ಮುಂದೆ ಇದ್ದಬದ್ದ ಕೆಂಪು ಹಳದಿ ದೀಪಗಳೆಲ್ಲ ಹೊತ್ತಿಕೊಂಡವು, ಎಂಜಿನ್ ಮಾತ್ರ ಮಿಸುಕಲಿಲ್ಲ. ಇದು ಯಾರ ಕೆಲಸವೆಂದು ಅವನಿಗೆ ಬಾನೆಟ್ ತೆರೆಯುವ ಮೊದಲೇ ಗೊತ್ತಾಯಿತು. ಈ ತಿಂಗಳಲ್ಲಿ ಇಲಿ ವೈರ್ ಕಡಿದದ್ದು ಇದು ಮೂರನೇ ಸಲ.

ಬೇರೆಯವರಾಗಿದ್ದರೆ ಇಷ್ಟೊತ್ತಿಗೆ ಒಂದು ಪುಡಿಕೆ ಪಾಷಾಣ ಇಟ್ಟು ಕೈತೊಳೆದುಕೊಳ್ಳುತ್ತಿದ್ದರು. ಆದರೆ ಇದು ಚಂಪಾಬಾಯಿಯ ಮನೆ. ಧನ್ಯಕುಮಾರನ ತಾಯಿ ಚಂಪಾಬಾಯಿ, ಗ್ಯಾಸ್ ಹೊತ್ತಿಸುವ ಮೊದಲು ಬರ್ನರಿನ ಮೇಲೆ ಇರುವೆ ಇದೆಯೋ ಎಂದು ಚಷ್ಮಾ ಹಾಕಿಕೊಂಡು ನೋಡುವ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಜೈನ ಮುದುಕಿ. ಕಳೆದ ಸಲ ಮಗ ಪಾಷಾಣದ ಮಾತೆತ್ತಿದಾಗ, ಮೊದಲು ತನಗೆ ಹಾಕಿ ಆಮೇಲೆ ಇಲಿಗೆ ಹಾಕು ಎಂದಿದ್ದಳು. ಕಾಲೇಜಿನ ಆಫೀಸಿನಲ್ಲಿ ಹತ್ತು ಗುಮಾಸ್ತರನ್ನು ನಡುಗಿಸುವ ಧನ್ಯಕುಮಾರ ಮನೆಯಲ್ಲಿ ಆ ಮಾತನ್ನು ಮತ್ತೆ ಎತ್ತಿರಲಿಲ್ಲ.

ಈ ಸಲ ಮಾತ್ರ ತಡಮಾಡುವ ಹಾಗಿರಲಿಲ್ಲ. ಮರುದಿನ ಹನ್ನೊಂದು ಗಂಟೆಗೆ ಕೊಲ್ಹಾಪುರದಲ್ಲಿ ಮಗಳು ಬ್ರಾಹ್ಮಿಯ ನಿಶ್ಚಯ. ಎರಡು ವರ್ಷ ಓಡಾಡಿ ಕೂಡಿಸಿದ ಸಂಬಂಧ. ಬೀಗರಾಗುವವರು ಗಡಿಯಾರ ನೋಡಿಕೊಂಡೇ ಉಸಿರಾಡುವ ಮಂದಿ. ದೊಡ್ಡ ಮುಹೂರ್ತದ ದಿನವಾದ್ದರಿಂದ ಬೆಳಗಾವಿಯಲ್ಲಿ ಬಾಡಿಗೆ ಗಾಡಿ ಒಂದೂ ಖಾಲಿ ಇರಲಿಲ್ಲ. ಮಂಡಿನೋವಿನ ತಾಯಿಯನ್ನು ಬಸ್ ಹತ್ತಿಸುವುದು ಆಗದ ಮಾತು. ಕಾರು ನಡೆಯಲೇಬೇಕು.

ಬಾನೆಟ್ ಎತ್ತಿದ್ದೇ ತಡ, ಓಣಿ ನೆರೆಯಿತು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದ ಎದುರುಮನೆಯ ಬಂಡೆಪ್ಪ ಹಲ್ಲುಜ್ಜುತ್ತಲೇ ಬಂದ. ಬಂದವನು ಕಡಿದ ವೈರುಗಳನ್ನು ಬೆರಳಿನಿಂದ ಎತ್ತಿ ತೋರಿಸಿ, ಇಲಿಯ ಹಲ್ಲು ಬಲು ಚಲೋ ಇದೆ, ಕಟಿಂಗ್ ಪ್ಲೇಯರಿಗೂ ಇಷ್ಟು ಸಾಫ್ ಬರುವುದಿಲ್ಲ ಎಂದು ಹೊಗಳಿದ. ಮೂಲೆಯ ಕಿರಾಣಿ ಅಂಗಡಿಯ ಕಲ್ಮೇಶ ಬಾನೆಟ್ಟಿನೊಳಗೆ ತಂಬಾಕು ಕಟ್ಟಲು ಹೇಳಿದ. ಇನ್ನೊಬ್ಬರು ಡಾಂಬರು ಗುಳಿಗೆ ಎಂದರು, ಮತ್ತೊಬ್ಬರು ಫಿನೈಲ್ ಎಂದರು. ವೈರು ಜೋಡಿಸಿ ಟೇಪು ಸುತ್ತಿದ ಬಂಡೆಪ್ಪ ಇದ್ಯಾವುದನ್ನೂ ಒಪ್ಪದೆ, ಡಿಪೋದಲ್ಲಿ ತಾನು ಕಂಡುಹಿಡಿದದ್ದೆಂದು ಹೇಳಿ ಒಂದು ಹಿಡಿ ಬ್ಯಾಡಗಿ ಖಾರಪುಡಿ ಎಂಜಿನ್ ಮೇಲೆ ಚೆಲ್ಲಿದ.

ಧನ್ಯಕುಮಾರ ಕಾರು ಚಾಲೂ ಮಾಡಿದ. ಫ್ಯಾನು ತಿರುಗಿತು. ಮುಂದಿನ ಹತ್ತು ನಿಮಿಷ ಓಣಿಯಲ್ಲಿ ಯಾರಿಗೂ ಯಾರ ಮುಖವೂ ಕಾಣಲಿಲ್ಲ. ಗಂಡಸರು, ಹೆಂಗಸರು, ಹಾಲು ಹಾಕಲು ಬಂದವನು, ಎಲ್ಲರೂ ಸೀನುತ್ತ ನಲ್ಲಿ ಹುಡುಕಿದರು. ಸೀನದೆ ಇದ್ದದ್ದು ಇಲಿ ಒಂದೇ.

ಕೊನೆಗೆ ಕಲ್ಮೇಶ ಅಂಗಡಿಯಿಂದ ಇಲಿಬೋನು ತಂದ. ಅದರೊಳಗೆ ಉಳ್ಳಾಗಡ್ಡಿ ಭಜಿ ಇಡೋಣ ಎಂದದ್ದಕ್ಕೆ ಚಂಪಾಬಾಯಿ ಉಳ್ಳಾಗಡ್ಡಿ ತನ್ನ ಹೊಸ್ತಿಲ ಹತ್ತಿರ ಬರಕೂಡದು ಎಂದು ತಡೆದಳು. ಬೀಗರಿಗೆಂದು ತಂದಿಟ್ಟಿದ್ದ ಕುಂದಾದ ಡಬ್ಬಿ ತೆರೆದು ನಿಂಬೆಕಾಯಿಯಷ್ಟು ಕುಂದಾ ಇಟ್ಟಳು. ಬೆಳಗಾವಿಯ ಇಲಿ, ಕುಂದಾ ಬಿಟ್ಟೀತೇ? ಅರ್ಧ ತಾಸಿನಲ್ಲಿ ಬೋನಿನ ಬಾಗಿಲು ಟಪ್ಪೆಂದಿತು.

ಹಿಡಿದ ಇಲಿಯನ್ನು ಬಿಡುವುದೆಲ್ಲಿ? ಹಿಂದಿನ ಓಣಿಗೆ ಎಂದರೆ ಹಿಂದಿನ ಓಣಿಯವರು ಅಲ್ಲೇ ನಿಂತಿದ್ದರು. ನೆಹರು ನಗರದ ಕಡೆ ಎಂದರೆ ಅಲ್ಲಿ ಬಂಡೆಪ್ಪನ ಮಗಳ ಮನೆಯಿತ್ತು. ಚಂಪಾಬಾಯಿ ತೀರ್ಮಾನ ಕೊಟ್ಟಳು: ಖಾನಾಪುರ ದಾಟಿ ಹಲಸಿಯ ಹಾದಿಯಲ್ಲಿ ಅಡವಿ ಇದೆ, ಹಳ್ಳ ಇದೆ, ಭತ್ತದ ಗದ್ದೆ ಇದೆ. ಅಲ್ಲಿ ಬಿಟ್ಟರೆ ಅದಕ್ಕೂ ಸುಖ, ನಮಗೂ ಸುಖ. ಬೋನಿನ ಮುಂದೆ ಣಮೋಕಾರ ಮಂತ್ರ ಹೇಳಿ ಕೈಮುಗಿದು ಕಳಿಸಿದಳು. ವೈರಿಂಗ್ ಪರೀಕ್ಷೆ ಆಗಬೇಕೆಂದು ಬಂಡೆಪ್ಪನೂ ಹತ್ತಿ ಕುಳಿತ.

ಕಾರು ಖಾನಾಪುರದವರೆಗೆ ಚೆನ್ನಾಗಿಯೇ ಓಡಿತು. ನಡುವೆ ಚಂಪಾಬಾಯಿ ನಾಲ್ಕು ಸಲ ಫೋನ್ ಮಾಡಿ, ಬೋನಿಗೆ ಬಿಸಿಲು ಬೀಳುತ್ತಿದೆಯೋ ಎಂದು ಕೇಳಿದಳು. ಹಲಸಿ ರಸ್ತೆಯಲ್ಲಿ ಒಂದು ಮಾವಿನ ಮರದ ಕೆಳಗೆ ಬೋನು ತೆರೆದರೆ ಇಲಿ ಅಡವಿಯ ಕಡೆ ಹೋಗದೆ ಸೀದಾ ಕಾರಿನ ಕಡೆ ಓಡಿಬಂತು. ಬಂಡೆಪ್ಪ ಟವೆಲ್ ಬೀಸಿ ಅಟ್ಟಿದ. ಅದು ಮತ್ತೆ ಬಂತು. ಮೂರನೇ ಸಲ ಗದ್ದೆಯ ಬದುವಿನವರೆಗೆ ಅಟ್ಟಿಸಿಕೊಂಡು ಹೋಗಿ, ಇಬ್ಬರೂ ಓಡಿಬಂದು ಕಾರಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡರು. ಧನ್ಯಕುಮಾರನಿಗೆ ತಿಂಗಳ ಮೇಲೆ ಮೊದಲ ಸಲ ಮೈ ಹಗುರಾಯಿತು. ಖಾನಾಪುರದಲ್ಲಿ ಬಂಡೆಪ್ಪನಿಗೆ ಮಿಸಳ್ ತಿನ್ನಿಸಿ, ತಾನೂ ಚಹಾ ಕುಡಿದು ಹೊರಟ.

ಬರುವಾಗ ಬಿಸಿಲೇರಿತೆಂದು ಎಸಿ ಹಾಕಿದರೆ ಗಾಳಿ ಬರಲಿಲ್ಲ. ಫ್ಯಾನು ಕುಯ್ಯೆನ್ನುತ್ತಿತ್ತು, ಗಾಳಿ ಮಾತ್ರ ಇಲ್ಲ. ನಾಳೆ ಅವ್ವನನ್ನು ಬಿಸಿಲಲ್ಲಿ ಕೂಡಿಸಿ ಒಯ್ಯುವುದು ಹೇಗೆಂದು ಧನ್ಯಕುಮಾರ ಪೇಚಾಡಿದ. ಮನೆ ಮುಟ್ಟಿದ ಮೇಲೆ ಬಂಡೆಪ್ಪ ಎಡಗಡೆ ಸೀಟಿನ ಮುಂದಿನ ಖಾನೆಯನ್ನು ಕಳಚಿ, ಅದರ ಹಿಂದೆ ಗಾಳಿ ಸೋಸುವ ಫಿಲ್ಟರಿನ ಡಬ್ಬಿ ತೆರೆದ. ತೆರೆದವನು ಧನ್ಯಕುಮಾರನನ್ನು ಕೈಸನ್ನೆಯಿಂದ ಕರೆದ.

ಒಳಗೆ ಕಾರಿನ ವಿಮೆಯ ಕಾಗದವನ್ನು ಚೂರುಚೂರು ಮಾಡಿ ಹಾಸಿದ ಮೆತ್ತನೆ ಗೂಡು. ಗೂಡಿನಲ್ಲಿ ಆರು ಮರಿ. ಕಣ್ಣು ಬಿಟ್ಟಿರಲಿಲ್ಲ, ಕೂದಲು ಬಂದಿರಲಿಲ್ಲ, ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. ಖಾನಾಪುರಕ್ಕೆ ಹೋಗಿ ಬಂದದ್ದೂ ಅವಕ್ಕೆ ಗೊತ್ತಿರಲಿಲ್ಲ. ಮಾವಿನ ಮರದ ಕೆಳಗೆ ಮೂರು ಸಲ ತಿರುಗಿ ಓಡಿಬಂದ ಇಲಿ ಧನ್ಯಕುಮಾರನ ಕಣ್ಣ ಮುಂದೆ ಬಂತು.

ಚಂಪಾಬಾಯಿ ಮಂಡಿ ಹಿಡಿದುಕೊಂಡು ಬಂದು ನೋಡಿದಳು.

"ಧನ್ಯಾ, ಹಡದಾಕಿನ ಅಡವ್ಯಾಗ ಬಿಟ್ಟು ಬಂದಿ."

"ಗೊತ್ತಿರಲಿಲ್ಲವ್ವಾ."

"ಈಗ ಗೊತ್ತಾತಲ್ಲ. ಹೋಗಿ ಕರ್ಕೊಂಡು ಬಾ."

ಖಾನಾಪುರದ ಅಡವಿಯಲ್ಲಿ ಇಲಿಗಳಿಗೇನು ಬರವೇ, ಅದರಲ್ಲಿ ಇದೇ ಇಲಿಯನ್ನು ಹುಡುಕುವುದು ಹೇಗೆಂದು ಧನ್ಯಕುಮಾರ ಅಂಗಲಾಚಿದ. ತಾಯಿ ಇಲಿ ನೀವು ಬಿಟ್ಟ ಜಾಗದಲ್ಲೇ ಇರುತ್ತಾಳೆ, ಎಲ್ಲಿಗೂ ಹೋಗಿರುವುದಿಲ್ಲ ಎಂದು ಚಂಪಾಬಾಯಿ ಹೇಳಿದಳು. ಮರಿಗಳನ್ನು ರಟ್ಟಿನ ಡಬ್ಬಿಗೆ ಹಾಕೋಣವೆಂದು ಬಂಡೆಪ್ಪ ಕೈ ಚಾಚಿದ್ದಕ್ಕೆ ಅವನ ಕೈ ಮೇಲೆ ಒಂದು ಏಟು ಬಿತ್ತು.

"ಮನಷ್ಯಾರ ವಾಸನಿ ಬಡದ್ರ ತಾಯಿ ಹತ್ರ ಬರಂಗಿಲ್ಲ. ಅಕಿನ ಬಂದು ಬಾಯಾಗ ಕಚಗೊಂಡು ಒಯ್ಯಲಿ. ಅಲ್ಲೀತನಕ ಈ ಗಾಡಿ ಚಾಲೂ ಮಾಡಂಗಿಲ್ಲ. ನನಗೂ ಊಟ ಬ್ಯಾಡ."

ಆಗ ನಾಲ್ಕು ಗಂಟೆ. ಹೊತ್ತು ಮುಳುಗುವುದು ಆರೂ ಮುಕ್ಕಾಲಿಗೆ. ಅಷ್ಟರೊಳಗೆ ಇಲಿ ಬರದಿದ್ದರೆ ಅವ್ವ ಉಪವಾಸ, ಕಾರು ನಿಂತಲ್ಲೇ, ಮಗಳ ನಿಶ್ಚಯ ದೇವರಿಗೇ ಪ್ರೀತಿ. ಧನ್ಯಕುಮಾರ ಖಾಲಿ ಬೋನು ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಹೊರಟ.

ಮೂಲೆಯ ಅಂಗಡಿ ದಾಟುವಾಗ ಕಲ್ಮೇಶ ಕೂಗಿ ಕರೆದ. ವಿಷಯ ತಿಳಿದು, ಸದ್ದಿಲ್ಲದೆ ಒಳಗೆ ಕರೆದೊಯ್ದು ಅಕ್ಕಿಚೀಲದ ಸಂದಿಯಿಂದ ಇನ್ನೊಂದು ಬೋನು ಎಳೆದ. ಅದರಲ್ಲಿ ಅಂದೇ ಬಿದ್ದ ದಪ್ಪನೆಯ ಇಲಿ ಇತ್ತು. "ಇಲಿ ಮಾರಿಯೊಳಗ ಏನ ಫರಕ ಇರ್ತೈತ್ರಿ ಸಾಹೇಬ್ರ? ನಿಮ್ಮ ಅವ್ವಾರ ಕಣ್ಣಿಗೆ ಎಲ್ಲಾ ಒಂದ" ಎಂದ. ಧನ್ಯಕುಮಾರ ಒಂದು ಗಳಿಗೆ ಹಿಂದೆಮುಂದೆ ನೋಡಿದ. ಅವ್ವ ಉಂಡರೆ ಸಾಕು, ಮಿಕ್ಕದ್ದು ರಾತ್ರಿ ಹೇಗೋ ಮಾಡಿದರಾಯಿತು ಎನಿಸಿತು. ಇಲಿಯನ್ನು ತನ್ನ ಬೋನಿಗೆ ದಾಟಿಸಿಕೊಂಡು, ಎರಡು ತಾಸು ಅಕ್ಕಿಚೀಲದ ಮೇಲೆ ಅಡಗಿ ಕುಳಿತ. ನಡುವೆ ತಾಯಿಗೆ ಎರಡು ಸಲ ಫೋನ್ ಮಾಡಿ, ಈಗ ದೇಸೂರು, ಈಗ ಖಾನಾಪುರ ಎಂದು ಹೇಳಿದ. ಆರೂಕಾಲಿಗೆ ಚಪ್ಪಲಿಗೆ ಒಂದಿಷ್ಟು ಮಣ್ಣು ಬಳಿದುಕೊಂಡು, ದಣಿದವನ ಹಾಗೆ ಕಾಲೆಳೆಯುತ್ತ ಮನೆಗೆ ಬಂದ.

ಕಾರಿನ ಬಾಜು ಕುರ್ಚಿ ಹಾಕಿಕೊಂಡು ಕುಳಿತಿದ್ದ ಚಂಪಾಬಾಯಿಯ ಕಣ್ಣಲ್ಲಿ ನೀರು ಬಂತು. ಮಗನ ತಲೆ ಸವರಿದಳು. ಆಮೇಲೆ ಚಷ್ಮಾ ಏರಿಸಿಕೊಂಡು ಬೋನನ್ನು ಬೆಳಕಿಗೆ ಎತ್ತಿ ಹಿಡಿದು, ಕೆಳಗಿನಿಂದ ಒಮ್ಮೆ ನೋಡಿದಳು. ಮದುವೆಯಾಗಿ ಬರುವ ಮೊದಲು ತವರಿನಲ್ಲಿ ಇಪ್ಪತ್ತು ದನ ಸಾಕಿದ ಹೆಣ್ಣುಮಗಳು ಅವಳು.

"ಧನ್ಯಾ, ಇದು ಗಂಡು."

ಧನ್ಯಕುಮಾರ ಆಕಾಶದ ಕಡೆ ನೋಡಿದ. ಕತ್ತಲಲ್ಲಿ ಗೊತ್ತಾಗಲಿಲ್ಲ ಎನ್ನೋಣವೆಂದರೆ ಇನ್ನೂ ಬಿಸಿಲಿತ್ತು.

"ಗಂಡನ್ನ ಮರಿ ಹತ್ರ ಬಿಡಂಗಿಲ್ಲ, ತಿಂದು ಹಾಕ್ತದ" ಎಂದು ಅವಳು ಬೋನನ್ನು ಅವನ ಕೈಗೇ ಮರಳಿ ಕೊಟ್ಟಳು. "ಪಾಪ, ಇದರ ಮನಿಯವ್ರು ಅಲ್ಲಿ ಹುಡಕ್ಯಾಡ್ತಿರ್ತಾರ. ಇದನ್ನ ಹಿಡದ ಜಾಗಾದಾಗ ಬಿಟ್ಟು, ಅಕಿನ್ನ ಕರ್ಕೊಂಡು ಬಾ."

ಧನ್ಯಕುಮಾರ ಉಳಿದ ಒಂದೇ ಆಸರೆ ಹಿಡಿದ. "ಅವ್ವಾ, ನಾಳೆ ಕೊಲ್ಹಾಪುರಕ್ಕ ಹೋಗೂದೈತಿ. ಬೀಗರು ಕಾಯ್ತಾರ."

"ಅವ್ರಿಗೆ ನಾ ಆಗಳೇ ಫೋನ್ ಮಾಡಿ ಎಲ್ಲಾ ಹೇಳೀನಿ" ಎಂದಳು ಚಂಪಾಬಾಯಿ, ಮುಖ ಅರಳಿಸಿ. "ದಯಾ ಧರ್ಮದ ಮಂದಿ ನೋಡಪಾ. ನಿಮ್ಮಂಥಾ ಮನಿತನ ಸಿಗೂದು ನಮ್ಮ ಪುಣ್ಯ, ನೀವ ಬರಬ್ಯಾಡ್ರಿ, ನಿಶ್ಚಯ ನಿಮ್ಮ ಮನ್ಯಾಗ ಮಾಡೂಣು ಅಂದ್ರು. ಹನ್ನೊಂದಕ್ಕ ನಲವತ್ತು ಮಂದಿ ಬರ್ತಾರ. ತಾಯಿ ಮರಿ ಕೂಡಿದ್ದನ್ನ ಕಣ್ಣಾರೆ ನೋಡಿದ ಮ್ಯಾಲನ ನಮ್ಮ ಹುಡುಗಿಗೆ ಸೀರಿ ಉಡಸ್ತಾರಂತ."

ಧನ್ಯಕುಮಾರ ಬೋನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಹಾದಿ ಹಿಡಿದ. ಈ ಸಲ ಖರೇನೇ ಖಾನಾಪುರಕ್ಕೆ.